ಅಮಾನುಲ್ಲಾ ಸಾಹೇಬರು ನಡೆದು ಬರುವಷ್ಟು ಹೊತ್ತು

ನಾನು ಗೌರಿಬಿದನೂರಿನ ಕಚೇರಿಯಲ್ಲಿ ನಕಲು ಗುಮಾಸ್ತನಾಗಿದ್ದೆ. ಹೆಸರು ಕೋನಪ್ಪ. ಬೇರೆ ಯಾರೋ ಬರೆದದ್ದನ್ನು ತಪ್ಪಿಲ್ಲದೆ ಮತ್ತೊಂದು ಸಲ ಬರೆಯುವುದೇ ನಕಲು ಗುಮಾಸ್ತನ ಕೆಲಸ. ಓದಿದ್ದು ಲೋಯರ್ ಸೆಕೆಂಡರಿ. ಉಳಿದದ್ದನ್ನೆಲ್ಲ ಕಚೇರಿಯ ಕಾಗದಗಳೇ ಕಲಿಸಿದವು, ಅದಕ್ಕಿಂತ ಹೆಚ್ಚಿಗೆ ಕಚೇರಿಯ ಜನ ಕಲಿಸಿದರು. ಅವರಲ್ಲಿ ಒಬ್ಬರ ವಿಷಯ ಇದು.

ನಮ್ಮ ರೆಕಾರ್ಡ್ ರೂಮಿನಲ್ಲಿ ನೆಲದಿಂದ ತೊಲೆಯವರೆಗೆ ಹನ್ನೊಂದು ರ‍್ಯಾಕು. ಅವುಗಳ ತುಂಬಾ ಕೆಂಪು ಬಟ್ಟೆ ಸುತ್ತಿದ ಕಟ್ಟುಗಳು. ತಾಲ್ಲೂಕಿನ ಎಲ್ಲಾ ಊರುಗಳ ಜಮೀನಿನ ಹಳೇ ಕಾಗದ ಅದರೊಳಗೆ. ಯಾವ ಊರಿನ ಕಟ್ಟು ಎಲ್ಲಿದೆ ಅಂತ ಹೇಳುವ ಇಂಡೆಕ್ಸ್ ಪುಸ್ತಕ ಒಂದಿತ್ತಂತೆ. ನಾನು ಸೇರುವ ಹೊತ್ತಿಗೆ ಅದರಲ್ಲಿ ಉಳಿದಿದ್ದು ಎರಡು ರಟ್ಟು ಮತ್ತು ನಡುವೆ ಗೆದ್ದಲಿನ ಮಣ್ಣು. ಅದು ಹೋದ ಮೇಲೆ ಮಾಡು ಸೋರಿ, ಕಟ್ಟುಗಳನ್ನು ಒಂದು ಸಲ ಆಚೆ ಒಣಹಾಕಿ, ಕೈಗೆ ಸಿಕ್ಕಿದ ಹಾಗೆ ಒಳಗಿಟ್ಟರು. ಆಮೇಲೆ ಆ ರೂಮಿಗೆ ಇಂಡೆಕ್ಸ್ ಅಂತ ಇದ್ದದ್ದು ಒಂದೇ, ರೆಕಾರ್ಡ್ ಕೀಪರ್ ಅಮಾನುಲ್ಲಾ ಸಾಹೇಬರ ತಲೆ.

"ಸಾಬ್, ನಗರಗೆರೆ, ಸರ್ವೆ ನಂಬರು ನಲವತ್ತೇಳು" ಅಂದರೆ ಸಾಕು. ಕನ್ನಡಕ ತೆಗೆಯುತ್ತಿದ್ದರು, ಕಣ್ಣು ಮುಚ್ಚುತ್ತಿದ್ದರು, ಒಂದು ಗುಟುಕು ಚಹಾ ಕುಡಿಯುವಷ್ಟರಲ್ಲಿ ಹೇಳುತ್ತಿದ್ದರು. "ಆರನೇ ರ‍್ಯಾಕು, ಮೇಲಿಂದ ಎರಡನೇ ಅಟ್ಟ, ಗೋಡೆ ಕಡೆಯಿಂದ ಐದನೇ ಕಟ್ಟು." ಜವಾನ ಆವುಲಪ್ಪ ಏಣಿ ಹತ್ತಿ ತೆಗೆದರೆ ಅಲ್ಲೇ ಇರುತ್ತಿತ್ತು. ಆವುಲಪ್ಪ ಆಂಧ್ರದ ಗಡಿಯವನು. ಏಣಿಯ ಮೇಲಿಂದಲೇ ತೆಲುಗಿನಲ್ಲಿ ದೇವರನ್ನು ಕರೆದು, "ಈ ತಲೆ ಸತ್ತ ಮೇಲೆ ಅದನ್ನೂ ಒಂದು ಕಟ್ಟು ಕಟ್ಟಿ ಇಲ್ಲೇ ಇಡಬೇಕು ಸಾಬ್" ಅನ್ನುತ್ತಿದ್ದ. ಸಾಹೇಬರು, "ಇಡು, ಆದರೆ ನೀನು ಇಟ್ಟ ಕಟ್ಟು ಮತ್ತೆ ಸಿಗಲ್ವಲ್ಲಪ್ಪ" ಅನ್ನುತ್ತಿದ್ದರು.

ಹೀಗಿದ್ದ ತಲೆ ಅರವತ್ತೈದನೇ ಇಸವಿಯಲ್ಲಿ ಕೆಟ್ಟಿತು. ಕೆಟ್ಟಿತು ಅಂತ ನಾವೆಲ್ಲ ಅಂದುಕೊಂಡೆವು. ಸಾಹೇಬರೂ ಹಾಗೇ ಅಂದುಕೊಂಡರು.

ಆ ವರ್ಷ ನಮಗೆ ಹೊಸ ಅಮಲ್ದಾರರು ಬಂದರು. ಮೂವತ್ತೆರಡು ವಯಸ್ಸು, ಪರೀಕ್ಷೆ ಪಾಸು ಮಾಡಿ ಬಂದವರು, ಎಡಗೈಯಲ್ಲಿ ಗಡಿಯಾರ. ಕೆಟ್ಟವರಲ್ಲ. ಬಂದ ಮೊದಲ ವಾರದಲ್ಲೇ ತೊಂಡೇಬಾವಿ ಕಡೆಯ ರಾಮಲಕ್ಷ್ಮಮ್ಮ ಅನ್ನುವ ಮುದುಕಿ ಒಂದು ನಕಲಿಗಾಗಿ ಮೂರು ದಿನ ಆಲದ ಮರದ ಕೆಳಗೆ ಬುತ್ತಿ ಬಿಚ್ಚಿಕೊಂಡು ಕೂತಿದ್ದನ್ನು ನೋಡಿದರು. ಆಗಿನ ಪದ್ಧತಿ ಹಾಗಿತ್ತು. ಸೋಮವಾರ ಕಸಬಾ ಹೋಬಳಿಯ ಶಾನುಭೋಗರು ಬರಬೇಕು, ಮಂಗಳವಾರ ನಗರಗೆರೆಯವರು, ಹೀಗೆ ದಿನಕ್ಕೊಂದು ಹೋಬಳಿ. ಮುದುಕಿ ಬೇರೆ ದಿನ ಬಂದಿದ್ದಳು, ಅದಕ್ಕೇ ಕಾಯುತ್ತಿದ್ದಳು.

"ಇದೇನು ನ್ಯಾಯ ರೀ" ಅಂದರು ಅಮಲ್ದಾರರು. "ಯಾರು ಯಾವತ್ತು ಬಂದರೂ ಅರ್ಜಿ ತಗೋಬೇಕು. ಬೆಳಿಗ್ಗೆ ಹತ್ತೂವರೆಗೆ ಎಲ್ಲಾ ಅರ್ಜಿ ಸೇರಿಸಿ, ಊರಿನ ಹೆಸರು ನೋಡಿ ಅ ಆ ಇ ಈ ಪ್ರಕಾರ ಜೋಡಿಸಿ. ರೆಕಾರ್ಡ್ ಕೀಪರಿಗೆ ಹುಡುಕೋಕೂ ಸುಲಭ."

ಸುಲಭವಾಗಲಿ ಅಂತಲೇ ಮಾಡಿದರು. ಆದರೆ ಆವತ್ತಿನಿಂದ ಸಾಹೇಬರು ಉತ್ತರ ಕೊಡುವುದು ನಿಧಾನವಾಯಿತು. ಅಲಕಾಪುರ ಅಂದೆ. ಕಣ್ಣು ಮುಚ್ಚಿದರು. ಆವುಲಪ್ಪ ಬೀಡಿ ಹಚ್ಚಿ ಮುಗಿಸಿದ. ಆಮೇಲೆ ಹೇಳಿದರು. ತೊಂಡೇಬಾವಿ ಅಂದೆ. ಮತ್ತೆ ಅಷ್ಟೇ ಹೊತ್ತು. ನಗರಗೆರೆ ಅಂದೆ. ಇನ್ನೂ ಹೊತ್ತು. ಮಧ್ಯಾಹ್ನಕ್ಕೆ ಆರು ಅರ್ಜಿ ಮುಗಿದರೆ ಹೆಚ್ಚು.

ಅಮಲ್ದಾರರು ಬಾಗಿಲಲ್ಲಿ ನಿಂತು ಗಡಿಯಾರ ನೋಡಿಕೊಂಡರು. "ಎರಡು ನಿಮಿಷ ಸಾಹೇಬರೇ. ಒಂದೊಂದಕ್ಕೆ ಎರಡು ನಿಮಿಷ. ಅದರೊಳಗೆ ಹೇಳಬೇಕು" ಅಂದರು.

ಎರಡು ನಿಮಿಷದೊಳಗೆ ಹೇಳತೊಡಗಿದರು. ತಪ್ಪು ಹೇಳತೊಡಗಿದರು. ಮಂಚೇನಹಳ್ಳಿ ಅಂದರೆ ಡಿ. ಪಾಳ್ಯದ ಕಟ್ಟು ಬರುತ್ತಿತ್ತು. ಹೊಸೂರು ಅಂದರೆ ಅಲಕಾಪುರದ್ದು. ಅಮಲ್ದಾರರು ಒಂದು ನೋಟ್‌ಬುಕ್ಕಿನಲ್ಲಿ ತಪ್ಪಿದ ಊರುಗಳನ್ನೆಲ್ಲ ಕೆಂಪು ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡರು. ಕಾರ್ತಿಕ ಕಳೆಯುವ ಹೊತ್ತಿಗೆ ಇಪ್ಪತ್ತಮೂರು ಕೆಂಪು ಸಾಲು.

ಒಂದು ದಿನ ಸಾಹೇಬರನ್ನು ಒಳಗೆ ಕರೆದರು. ನಾನು ಪಕ್ಕದ ಮೇಜಿನಲ್ಲಿ ನಕಲು ಬರೆಯುತ್ತಾ ಇದ್ದೆ. ಕಿವಿಗೆ ಬಾಗಿಲು ಹಾಕಿಕೊಳ್ಳುವುದು ನನಗೆ ಬರುವುದಿಲ್ಲ.

"ನಿಮ್ಮ ಸರ್ವಿಸ್ ಇನ್ನು ಎಷ್ಟಿದೆ?"

"ಹದಿನಾಲ್ಕು ತಿಂಗಳು ಸಾರ್."

"ಕೋಲಾರದ ಡಾಕ್ಟರ ಹತ್ತಿರ ಕಳಿಸ್ತೀನಿ. ಅವರು ಬರೆದುಕೊಟ್ಟರೆ ಈಗಲೇ ನಿವೃತ್ತಿ ಆಗುತ್ತೆ, ಪಿಂಚಣಿಗೇನೂ ತೊಂದರೆ ಇಲ್ಲ. ನಾನು ನಿಮಗೆ ಒಳ್ಳೇದಕ್ಕೇ ಹೇಳ್ತಿರೋದು."

"ಅವರು ಏನಂತ ಬರೀತಾರೆ ಸಾರ್?"

ಅಮಲ್ದಾರರು ನೋಟ್‌ಬುಕ್ಕು ಮುಚ್ಚಿ, "ಜ್ಞಾಪಕಶಕ್ತಿ ಕುಂದಿದೆ ಅಂತ" ಅಂದರು.

ಆಚೆ ಬಂದ ಸಾಹೇಬರು ನನ್ನ ಮೇಜಿನ ಹತ್ತಿರ ನಿಂತರು. "ಕೋನಪ್ಪ, ಆ ಕಾಗದದ ಆಫೀಸ್ ಕಾಪಿ ಎಲ್ಲಿಗೆ ಬರುತ್ತೆ ಹೇಳು."

"ಎಲ್ಲಿಗೆ ಸಾಬ್?"

"ನನ್ನ ರೂಮಿಗೇ ಬರುತ್ತೆ. ಒಂದು ಕಟ್ಟಲ್ಲಿ ಇರುತ್ತೆ. ಅಮಾನುಲ್ಲಾ ಅನ್ನೋನಿಗೆ ತಲೆ ಸರಿ ಇರಲಿಲ್ಲ ಅಂತ. ನೂರು ವರ್ಷ ಇರುತ್ತೆ. ನಾನೇ ಕಟ್ಟಿಟ್ಟ ರೂಮಲ್ಲಿ." ಇಷ್ಟು ಹೇಳಿ ನಕ್ಕರು. ಆ ನಗು ನೋಡಲಾಗದೆ ನಾನು ಮಸಿ ಕುಡಿಕೆಯ ಮುಚ್ಚಳ ತಿರುಗಿಸಿದೆ.

ಆ ಭಾನುವಾರ ಅವರ ಮನೆಗೆ ಹೋದೆ. ಮಸೀದಿ ಹಿಂದಿನ ಬೀದಿ, ಎರಡು ಅಂಕಣದ ಮನೆ, ಮುಂದೆ ಜಗಲಿ. ಅವರೆಕಾಯಿ ಕಾಲ. ಸಾಹೇಬರ ಹೆಂಡತಿ ಕರೀಮುನ್ನೀಸಾ ಬೂಬಮ್ಮನವರು ನೆನೆಹಾಕಿದ ಕಾಳನ್ನು ಒಂದೊಂದೇ ಹಿದುಕಿ ಬೇಳೆಯನ್ನು ಬೋಸಿಗೆ ಹಾಕುತ್ತಿದ್ದರು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು, "ಬಾಪ್ಪ ಕೋನಪ್ಪ, ಕೈ ತೊಳ್ಕೊಂಡು ಕೂತ್ಕೊ. ಬರೀ ಕೈಲಿ ಕೂತರೆ ಚಾ ಇಲ್ಲ" ಅಂದರು. ನಾನೂ ಕಾಳು ಹಿದುಕಲು ಕೂತೆ. ಸಾಹೇಬರು ಗೋಡೆಗೆ ಒರಗಿಕೊಂಡು ಮಾಡಿನ ತೊಲೆ ನೋಡುತ್ತಿದ್ದರು.

"ಈಗೀಗ ಮನೇಲಿದ್ರೆ ಹೀಗೇ" ಅಂದರು ಬೂಬಮ್ಮ. "ನಿನ್ನೆ ರಾತ್ರಿ ಏನಂತಾರೆ ಗೊತ್ತಾ, ನಾಳೆ ನಿನ್ನ ಹೆಸರು ಮರೆತರೆ ಏನು ಮಾಡ್ತೀಯ ಅಂತ. ನಾನಂದೆ, ಮೂವತ್ತು ವರ್ಷದಿಂದ ಹೆಸರು ಹಿಡಿದು ಯಾವತ್ತು ಕರೆದಿದ್ದೀರಿ, ಮರೆಯೋಕೆ?"

ಸಾಹೇಬರ ತುಟಿ ಸ್ವಲ್ಪ ಸಡಿಲವಾಯಿತು.

ಅಷ್ಟರಲ್ಲಿ ಬೂಬಮ್ಮನಿಗೆ ಏನೋ ನೆನಪಾಗಿ, ಮನೆಯ ದೊಡ್ಡ ಅಡುಗೆ ಪಾತ್ರೆ, ದೇಗ್ಚಿ, ಕಾಣುತ್ತಿಲ್ಲ, ಯಾರು ಒಯ್ದಿದ್ದಾರೋ ಅಂದರು. ನಾನು ಉತ್ಸಾಹದಲ್ಲಿ, "ಸಾಬ್, ದೇಗ್ಚಿ ಯಾರ ಮನೇಲಿದೆ?" ಅಂತ ಕೇಳಿಬಿಟ್ಟೆ. ಸಾಹೇಬರು ಕಣ್ಣು ಮುಚ್ಚಿದರು. ಹುಬ್ಬು ಗಂಟಾಯಿತು. ಅದೇ ಕಚೇರಿಯ ಮುಖ. ನಾನು ಕೇಳಬಾರದಿತ್ತು.

ಬೂಬಮ್ಮ ನನಗೆ ಸುಮ್ಮನಿರು ಅಂತ ಕೈ ಮಾಡಿ, ಉರ್ದುವಿನಲ್ಲಿ ಗಂಡನಿಗೆ ಹೇಳತೊಡಗಿದರು. ನನಗೆ ಅಷ್ಟು ತಿಳಿಯುತ್ತದೆ. "ನಮ್ಮ ಬಾನು ಶಿಡ್ಲಘಟ್ಟದಿಂದ ಹೆರಿಗೆಗೆ ಬಂದಿದ್ದಳಲ್ಲ. ಮಗುವಿಗೆ ಹೆಸರಿಟ್ಟೆವು. ಊಟಕ್ಕೆ ಕೂತಾಗ ಮಳೆ ಬಂತು. ಮಳೆ ನಿಂತ ಮೇಲೆ, ಬಾಗಿಲ ಹತ್ತಿರ..."

"ಪಕ್ಕದ ಬೀದಿ ಗೌಸ್ ಪೀರ್ ಹೊತ್ಕೊಂಡು ಹೋದ" ಅಂದರು ಸಾಹೇಬರು. "ತಲೆ ಮೇಲೆ ಬೋರಲು ಹಾಕ್ಕೊಂಡು. ಹನಿ ಬೀಳ್ತಿತ್ತು."

ಕಾಳು ಒಂದು ಹಿದುಕುವಷ್ಟು ಹೊತ್ತೂ ಆಗಿರಲಿಲ್ಲ.

ಆಮೇಲೆ ಸಾಹೇಬರು ನಮಾಜಿಗೆ ಎದ್ದು ಹೋದಾಗ ಬೂಬಮ್ಮನನ್ನು ಕೇಳಿದೆ, ಅದೇನಮ್ಮ ನೀವು ಮಾಡಿದ್ದು ಅಂತ.

"ಮಾಡೋದೇನು? ಅವರನ್ನ ನೇರ ಕೇಳಿದರೆ ಎಲ್ಲೋ ದೂರದಿಂದ ಹೊರಡ್ತಾರೆ ಕಣಪ್ಪ. ಬರೋದು ತಡ ಆಗುತ್ತೆ. ನಾನು ಅರ್ಧ ದಾರಿವರೆಗೂ ಕರ್ಕೊಂಡು ಹೋಗಿ ಬಿಟ್ಟುಬರ್ತೀನಿ." ಬೋಸಿಯನ್ನು ಹತ್ತಿರ ಎಳೆದುಕೊಂಡರು. "ಇನ್ನೊಂದು. ಹೋಗ್ತಾ ಹೋಗ್ತಾ ಎಲ್ಲೋ ಒಂದು ಕಡೆ ನಿಲ್ತಾರೆ. ಮಲಗಿದ್ದಾಗ ಊರಿನ ಹೆಸರು ಒಂದೊಂದೇ ಹೇಳ್ಕೊಳ್ತಾರಲ್ಲ, ಆಗಲೂ ನಿಲ್ತಾರೆ. ಅಲ್ಲಿ ಮಾತ್ರ ತಳ್ಳಬ್ಯಾಡ. ತಳ್ಳಿದರೆ ಆಮೇಲೆ ದಿನವೆಲ್ಲಾ ತಪ್ಪೇ."

"ಎಲ್ಲಿ ಅದು?"

"ನನಗೂ ಹೇಳಿಲ್ಲ. ನಾನೂ ಕೇಳಿಲ್ಲ."

ಅದೇ ವಾರ ಬೊಂಬಾಯಿ ಕಡೆಯ ಇಂಜಿನಿಯರೊಬ್ಬರು ಕಚೇರಿಗೆ ಬಂದರು. ಆಗ ನಮ್ಮ ತಾಲ್ಲೂಕಿನಲ್ಲಿ ಭೂಮಿ ನಡುಗುವುದನ್ನು ಅಳೆಯುವ ಯಂತ್ರಗಳನ್ನು ಹೂಳುವ ಕೆಲಸ ನಡೆಯುತ್ತಿತ್ತು. ಹದಿನೆಂಟು ಊರಿನಲ್ಲಿ ನಲವತ್ತೊಂದು ಸರ್ವೆ ನಂಬರಿನ ಹಳೇ ಕಾಗದ ಅವರಿಗೆ ಬೇಕಿತ್ತು. ಅಮಲ್ದಾರರು ಪಟ್ಟಿ ನೋಡಿ, ಸಾಹೇಬರ ಕಡೆ ನೋಡಿ, "ನಾಳೆ ಹತ್ತು ಗಂಟೆಗೆ ನನ್ನ ಎದುರಿಗೇ ತೆಗೀರಿ. ಇದರಲ್ಲೂ ತಪ್ಪಿದರೆ ಕೋಲಾರದ ಕಾಗದಕ್ಕೆ ಸಹಿ ಹಾಕ್ತೀನಿ" ಅಂದರು. ಕಾಗದ ಟೈಪಾಗಿ ಮೇಜಿನ ಮೇಲೇ ಇತ್ತು, ಮೇಲೊಂದು ಗಾಜಿನ ಗುಂಡು.

ಇಂಜಿನಿಯರು ಜಗಲಿಯಲ್ಲಿ ಕೂತು ನಮ್ಮ ಜೊತೆ ಚಹಾ ಕುಡಿದರು. ಹಿಂದಿ ಮಾತಾಡುತ್ತಿದ್ದರು. ನಾನು ಆವುಲಪ್ಪನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಅವರು ಹಿಂದೆ ಕಲ್ಕತ್ತೆಯಲ್ಲಿ ಲೆಕ್ಕ ಮಾಡುವ ಯಂತ್ರದ ಹತ್ತಿರ ಕೆಲಸ ಮಾಡಿದ್ದರಂತೆ. ಒಂದು ಕೋಣೆ ತುಂಬುವಷ್ಟು ದೊಡ್ಡ ಯಂತ್ರ, ಕಂಪ್ಯೂಟರ್ ಅಂತ ಅದರ ಹೆಸರು.

"ಅದಕ್ಕೂ ಮರೆವು ಇದೆಯಾ ಅಂತ ಕೇಳು ಕೋನಣ್ಣ" ಅಂದ ಆವುಲಪ್ಪ, ರೆಕಾರ್ಡ್ ರೂಮಿನ ಕಡೆ ಕಣ್ಣು ಹಾಯಿಸಿ.

ಇಂಜಿನಿಯರು ನಕ್ಕರು. "ಮರೆವಿಲ್ಲ. ಆದರೆ ಕಾಯಿಸುತ್ತೆ" ಅಂದರು. "ಅದರ ನೆನಪು ಇರೋದು ಒಂದು ಡ್ರಮ್ಮಿನ ಮೇಲೆ. ಇಷ್ಟು ದಪ್ಪ, ಗಿರ್ರನೆ ತಿರುಗ್ತಾನೇ ಇರುತ್ತೆ. ಸಂಖ್ಯೆಗಳೆಲ್ಲ ಅದರ ಮೈಮೇಲೆ. ಓದೋ ಮುಳ್ಳು ಮಾತ್ರ ನಿಂತ ಕಡೆ ನಿಂತಿರುತ್ತೆ. ನಿಮಗೆ ಬೇಕಾದ ಸಂಖ್ಯೆ ತಿರುಗಿ ಮುಳ್ಳಿನ ಕೆಳಗೆ ಬರೋವರೆಗೂ ಕಾಯಬೇಕು. ಈಗ ತಾನೇ ದಾಟಿ ಹೋಗಿದ್ದರೆ ಒಂದು ಪೂರ್ತಿ ಸುತ್ತು ಕಾಯಬೇಕು."

"ಸಂತೆ ಬಸ್ಸು ತಪ್ಪಿದ ಹಾಗೆ" ಅಂದ ಆವುಲಪ್ಪ.

"ಹೌದು. ಮೊದಲು ನಾವು ಸಂಖ್ಯೆಗಳನ್ನ ನಮಗೆ ಚಂದ ಕಂಡ ಹಾಗೆ ಸಾಲಾಗಿ ಬರೆದಿದ್ದೆವು. ಒಂದು, ಎರಡು, ಮೂರು. ಯಂತ್ರ ಒಂದನ್ನ ಓದಿ ಕೂಡಿಸುವಷ್ಟರಲ್ಲಿ ಎರಡು ದಾಟಿ ಹೋಗಿರ್ತಿತ್ತು. ಮತ್ತೆ ಸುತ್ತು. ದಿನವೆಲ್ಲಾ ಕೂತು ಯಂತ್ರ ಮಂದ ಅಂತ ಬೈದೆವು. ಆಮೇಲೆ ನಮ್ಮ ಹಿರಿಯರೊಬ್ಬರು ಹೇಳಿದರು, ಯಂತ್ರವನ್ನ ಬಿಡಿ, ನೀವು ಕೇಳೋ ಕ್ರಮ ಸರಿಮಾಡಿ ಅಂತ. ಡ್ರಮ್ಮು ತಿರುಗೋ ದಾರಿ ನೋಡಿಕೊಂಡು, ನಡುನಡುವೆ ಎಡೆ ಬಿಟ್ಟು ಬರೆದೆವು. ಒಂದರ ಕೆಲಸ ಮುಗಿಯೋ ಹೊತ್ತಿಗೆ ಸರಿಯಾಗಿ ಇನ್ನೊಂದು ಮುಳ್ಳಿನ ಕೆಳಗೆ ಬರೋ ಹಾಗೆ. ಎಡೆ ಕಮ್ಮಿಯಾದರೆ ತಪ್ಪಿಹೋಗುತ್ತೆ, ಜಾಸ್ತಿಯಾದರೆ ಯಂತ್ರ ತೂಕಡಿಸುತ್ತೆ. ಸರಿಯಾಗಿ ಬಿಟ್ಟರೆ ಒಂದು ಗಂಟೆಯ ಕೆಲಸ ಕಾಲು ಗಂಟೆಗೆ ಮುಗೀತು. ಅದೇ ಯಂತ್ರ, ಅದೇ ಡ್ರಮ್ಮು."

ನಾನು ಆವುಲಪ್ಪನಿಗೆ ಅರ್ಧ ಹೇಳಿ ನಿಲ್ಲಿಸಿಬಿಟ್ಟೆ. ನನ್ನ ಕಣ್ಣೆದುರಿಗೆ ಬೂಬಮ್ಮನ ಬೋಸಿ ಇತ್ತು. ದೂರದಿಂದ ಹೊರಡ್ತಾರೆ ಕಣಪ್ಪ.

ಚಹಾದ ಲೋಟ ಅಲ್ಲೇ ಬಿಟ್ಟು ಒಳಗೆ ಹೋದೆ. ಸಾಹೇಬರು ಒಂದು ಹಳೇ ಕಟ್ಟಿನ ಬಟ್ಟೆಯ ಗಂಟು ಬಿಗಿ ಮಾಡುತ್ತಿದ್ದರು.

"ಸಾಬ್, ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ನಾನು ಒಂದು ಊರು ಹೇಳಿದಾಗ ನೀವು ಕಣ್ಣು ಮುಚ್ತೀರಲ್ಲ. ಆಗ ಏನು ಮಾಡ್ತೀರಿ?"

ಸಾಹೇಬರು ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಗಂಟನ್ನೇ ನೋಡುತ್ತಿದ್ದರು.

"ನಡೀತೀನಿ" ಅಂದರು.

ಆಮೇಲೆ ಹೇಳಿದರು. ಅವರ ಅಬ್ಬಾ ಸರ್ವೆ ಪಾರ್ಟಿಯಲ್ಲಿ ಸರಪಳಿ ಎಳೆಯುವ ಆಳು. ಮೂವತ್ತಮೂರು ಅಡಿಯ ಕಬ್ಬಿಣದ ಸರಪಳಿ, ಹಿಂದಿನ ತುದಿ ಅಬ್ಬಾನ ಕೈಯಲ್ಲಿ, ಮುಂದಿನ ತುದಿ ಇವರ ಕೈಯಲ್ಲಿ. ಈ ಪೇಟೆಯಿಂದ ಹೊರಟು ತಾಲ್ಲೂಕಿನ ಒಂದೊಂದೇ ಊರು ಅಳೆಯುತ್ತಾ ಒಂದು ದೊಡ್ಡ ಸುತ್ತು ಬಂದಿದ್ದರು. ಯಾವ ಊರಿನ ಯಾವ ನಂಬರಿನಲ್ಲಿ ಯಾವ ಮರ, ಎಲ್ಲಿ ಗಡಿಯ ಬಾಂಧು ಕಲ್ಲು, ಎಲ್ಲವೂ ಆ ಸುತ್ತಿನಲ್ಲಿ ಕಾಲಿಗೆ ಅಂಟಿಕೊಂಡದ್ದು. ಮುಂದೆ ರೆಕಾರ್ಡ್ ರೂಮಿಗೆ ಬಂದ ಮೇಲೆ ಪ್ರತಿ ಕಟ್ಟನ್ನೂ ಆ ದಾರಿಯ ಮೇಲೆ ಒಂದೊಂದು ಕಡೆ ಇಟ್ಟುಕೊಂಡಿದ್ದರು.

"ನೀನು ತೊಂಡೇಬಾವಿ ಅಂದರೆ, ಇಲ್ಲಿಂದ ಹೊರಟು ನಡೀತೀನಿ. ಅದು ಬರೋವರೆಗೂ ನಡೀಬೇಕು. ಆಮೇಲೆ ನಗರಗೆರೆ ಅಂತೀಯ. ಅದು ಹಿಂದೇನೇ ಹೋಯ್ತಲ್ಲಪ್ಪ. ಮತ್ತೆ ಪೂರಾ ಸುತ್ತು."

"ಹಿಂದಕ್ಕೆ ನಡೆಯೋಕಾಗಲ್ವಾ?"

"ಸರಪಳಿ ಮುಂದಕ್ಕೇ ಹೋಗೋದು ಕೋನಪ್ಪ."

"ಮತ್ತೆ ಮೊದಲು ಹೇಗೆ ತಕ್ಷಣ ಹೇಳ್ತಿದ್ರಿ?"

"ಮೊದಲು ಸೋಮವಾರ ಕಸಬಾ, ಮಂಗಳವಾರ ನಗರಗೆರೆ ಅಂತ ಗೊತ್ತಿರ್ತಿತ್ತಲ್ಲ. ಮನೆಯಿಂದ ಆಫೀಸಿಗೆ ಬರೋವಷ್ಟರಲ್ಲೇ ಆ ಹೋಬಳಿಗೆ ಹೋಗಿ ನಿಂತಿರ್ತಿದ್ದೆ." ಹೀಗೆ ಹೇಳಿದವರು ಹಾಗೇ ನಿಂತುಬಿಟ್ಟರು. ತಾವು ಹೇಳಿದ್ದನ್ನು ತಾವೇ ಆಗ ಕೇಳಿಸಿಕೊಂಡವರ ಹಾಗೆ. ಕೈಯಲ್ಲಿದ್ದ ಗಂಟು ಬಿಚ್ಚಿಹೋಯಿತು.

"ತಲೆ ಹೋಗಿಲ್ಲ ಸಾಬ್" ಅಂದೆ. "ನಾವು ಕೇಳೋ ಕ್ರಮ ಕೆಟ್ಟಿದೆ. ಅಕಾರ ಇಕಾರ ಅಂತ ನಿಮ್ಮನ್ನ ತಾಲ್ಲೂಕೆಲ್ಲಾ ಓಡಾಡಿಸ್ತಿದ್ದೀವಿ. ದಾರಿ ಹೇಳಿ, ಬರ್ಕೊಳ್ತೀನಿ."

ಇಂಜಿನಿಯರ ಪಟ್ಟಿ ಮುಂದಿಟ್ಟುಕೊಂಡು ಕೂತೆ. ಸಾಹೇಬರು ಕಣ್ಣು ಮುಚ್ಚಿ ಹೇಳುತ್ತಾ ಹೋದರು. ಹಿರೇಬಿದನೂರು, ಕುರುಗೋಡು, ವಿದುರಾಶ್ವತ್ಥ. ಹರಿಯುವ ನೀರಿನ ಹಾಗೆ ಬರುತ್ತಿತ್ತು, ನನ್ನ ಟಾಕು ಹಿಂದೆ ಬೀಳುತ್ತಿತ್ತು. ಗೆದರೆ ಅಂದರು. ಆಮೇಲೆ ಸುಮ್ಮನಾದರು.

ಕನ್ನಡಕ ಕೈಯಲ್ಲಿತ್ತು, ಅದನ್ನು ಅಂಗಿಯ ಚುಂಗಿನಿಂದ ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು. "ಮುಂದೆ ಸಾಬ್?" ಅನ್ನಲು ಬಾಯಿ ತೆರೆದಿದ್ದೆ. ಬೂಬಮ್ಮನ ಮಾತು ನೆನಪಾಗಿ ಮುಚ್ಚಿಕೊಂಡೆ. ಆಚೆ ಬೇವಿನ ಮರದಲ್ಲಿ ಅಳಿಲೊಂದು ಕಿರುಚುತ್ತಿತ್ತು. ಅದೂ ನಿಂತಿತು.

"ವಾಟದಹೊಸಹಳ್ಳಿ" ಅಂದರು ಆಮೇಲೆ. "ಬರ್ಕೊ. ನಗರಗೆರೆ. ಡಿ. ಪಾಳ್ಯ. ಮಂಚೇನಹಳ್ಳಿ..." ಮತ್ತೆ ನೀರು ಹರಿಯಿತು. ತೊಂಡೇಬಾವಿ, ಅಲಕಾಪುರ ದಾಟಿ ಹೊಸೂರು ತಿರುಗಿ ಪೇಟೆಗೆ ಬಂದು ಮುಟ್ಟಿದರು.

ಪಟ್ಟಿಯನ್ನು ಶುದ್ಧಪ್ರತಿ ಮಾಡುವಾಗ ಗೆದರೆಗೂ ವಾಟದಹೊಸಹಳ್ಳಿಗೂ ನಡುವೆ ಒಂದು ಸಾಲು ಖಾಲಿ ಬಿಟ್ಟೆ. ಅಲ್ಲಿ ಏನಿದೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಎಡೆ ಬಿಡಬೇಕು ಅಂತ ಇಂಜಿನಿಯರು ಅಂದಿದ್ದರಲ್ಲ, ಅಷ್ಟೇ.

ಮಾರನೇ ದಿನ ಹತ್ತು ಗಂಟೆಗೆ ಅಮಲ್ದಾರರು ರೆಕಾರ್ಡ್ ರೂಮಿಗೆ ಕುರ್ಚಿ ಹಾಕಿಸಿಕೊಂಡು ಕೂತರು. ಮಂಡಿಯ ಮೇಲೆ ಕೆಂಪು ಸಾಲಿನ ನೋಟ್‌ಬುಕ್ಕು. ಪಕ್ಕದಲ್ಲಿ ಇಂಜಿನಿಯರು. ಆವುಲಪ್ಪ ಏಣಿಯ ಹತ್ತಿರ ಪಂಚೆ ಎತ್ತಿ ಕಟ್ಟಿ ನಿಂತ. ಸಾಹೇಬರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದಿದ್ದರು. ಬೂಬಮ್ಮ ಹಾಕಿಸಿ ಕಳಿಸಿರಬೇಕು.

"ಪಟ್ಟಿ ಅಕಾರಾದಿ ಇಲ್ಲವಲ್ಲ" ಅಂದರು ಅಮಲ್ದಾರರು.

"ಒಂದು ದಿನದ ಮಟ್ಟಿಗೆ ಹೀಗೆ ಬಿಡಿ ಸಾರ್" ಅಂದೆ.

ಓದತೊಡಗಿದೆ. ಹಿರೇಬಿದನೂರು, ಹನ್ನೆರಡು. "ಎರಡನೇ ರ‍್ಯಾಕು, ಕೆಳಗಿನ ಅಟ್ಟ, ಮೂರನೇದು." ಕುರುಗೋಡು, ಎಂಬತ್ತೊಂದು. "ಒಂಬತ್ತನೇ ರ‍್ಯಾಕು, ಮೇಲ್ಗಡೆ, ಕಿಟಕಿ ಪಕ್ಕದ್ದು." ನಾನು ಊರಿನ ಹೆಸರು ಮುಗಿಸುವ ಮೊದಲೇ ಉತ್ತರ ಬಾಗಿಲಲ್ಲಿ ನಿಂತಿರುತ್ತಿತ್ತು. ಆವುಲಪ್ಪ ಹತ್ತಿದ, ಇಳಿದ, ಏಣಿ ಎಳೆದ, ಮತ್ತೆ ಹತ್ತಿದ. "ಏಮಿ ಸಾಮಿ ಇದಿ, ಉಸಿರು ಬಿಡೋಕಾದ್ರೂ ಬಿಡಿ ಸಾಬ್, ಇಷ್ಟು ದಿನ ಬೀಡಿ ಸೇದಿದ್ದು ಇವತ್ತು ಕಕ್ಕಿಸ್ತೀರಾ" ಅಂದ. ತಂದ ಕಟ್ಟುಗಳನ್ನು ಅಮಲ್ದಾರರೇ ಬಿಚ್ಚಿ ನೋಡಿದರು. ಎಲ್ಲಾ ಸರಿ. ಅವರ ಪೆನ್ಸಿಲು ಕೈಯಲ್ಲೇ ಇತ್ತು.

ಗೆದರೆ ಓದಿದೆ. ಉತ್ತರ ಬಂತು. ಪಟ್ಟಿಯಲ್ಲಿ ಖಾಲಿ ಸಾಲು ಬಂತು. ನಿಲ್ಲಿಸಿದೆ.

ಸಾಹೇಬರು ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಆವುಲಪ್ಪ ಏಣಿಯ ನಡುವೆ ನಿಂತಿದ್ದ. ಅಮಲ್ದಾರರು ಗಡಿಯಾರ ನೋಡಿಕೊಂಡರು.

"ಯಾಕೆ, ಓದಿ."

"ಇಲ್ಲಿ ಒಂದು ಸಾಲು ಖಾಲಿ ಇದೆ ಸಾರ್."

"ಖಾಲಿ ಇದ್ದರೆ ಮುಂದಿನದು ಓದಿ."

"ಸ್ವಲ್ಪ ಇರಿ ಸಾರ್."

ನನ್ನ ಜನ್ಮದಲ್ಲಿ ಅಮಲ್ದಾರರೊಬ್ಬರಿಗೆ ಸ್ವಲ್ಪ ಇರಿ ಅಂದದ್ದು ಅದೊಂದೇ ಸಲ. ಅವರು ನನ್ನ ಮುಖ ನೋಡಿದರು. ಸಾಹೇಬರ ಮುಖ ನೋಡಿದರು. ಇನ್ನೇನು ಹೇಳುತ್ತಿದ್ದರೋ, ಇಂಜಿನಿಯರು ಮೆಲ್ಲಗೆ ಅವರ ತೋಳು ಮುಟ್ಟಿದರು. ಒಂದು ನಿಮಿಷ ಹೋಯಿತು. ಎರಡು ನಿಮಿಷ ದಾಟಿತು. ಸಾಹೇಬರ ಬಲಗೈ ಏನನ್ನೋ ಹಿಡಿದ ಹಾಗೆ ಮಡಿಸಿತ್ತು. ಅದು ನಿಧಾನವಾಗಿ ಬಿಚ್ಚಿಕೊಂಡಿತು.

"ಆಯ್ತು. ಓದು ಕೋನಪ್ಪ" ಅಂದರು.

ವಾಟದಹೊಸಹಳ್ಳಿ, ಅರವತ್ತನಾಲ್ಕು. "ಹತ್ತನೇ ರ‍್ಯಾಕು, ನಡುವಿನ ಅಟ್ಟ, ಮೊದಲನೇ ಕಟ್ಟು." ಅಲ್ಲಿಂದಾಚೆ ಹೊಸೂರಿನವರೆಗೂ ಒಂದೇ ಉಸಿರು. ನಲವತ್ತೊಂದೂ ಕಟ್ಟುಗಳು ನೆಲದ ಮೇಲೆ ಬಂದು ಕೂತಾಗ ಹನ್ನೊಂದು ಗಂಟೆ ಆಗಿರಲಿಲ್ಲ. ಒಂದೂ ತಪ್ಪಿರಲಿಲ್ಲ. ಆವುಲಪ್ಪ ಏಣಿಯ ಕೊನೇ ಮೆಟ್ಟಿಲ ಮೇಲೆ ಕೂತುಬಿಟ್ಟ.

ಅಮಲ್ದಾರರು ಬಹಳ ಹೊತ್ತು ಪಟ್ಟಿಯನ್ನೂ ತಮ್ಮ ನೋಟ್‌ಬುಕ್ಕನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ಕೇಳಿದರು. ದನಿ ಬೇರೆಯಾಗಿತ್ತು. "ಸಾಹೇಬರೇ, ನೀವು ತಪ್ಪು ಹೇಳಿದ ಇಪ್ಪತ್ತಮೂರು ಸಲವೂ ಕೇಳಿದ್ದು ಈ ಖಾಲಿ ಸಾಲಿನಿಂದ ಆಚೆಯ ಊರುಗಳನ್ನೇ. ಈಚೆಯದು ಒಂದೂ ಇಲ್ಲ. ಏನಿದೆ ಅಲ್ಲಿ?"

ಸಾಹೇಬರು ಕನ್ನಡಕ ಹಾಕಿಕೊಂಡರು.

"ಕೆರೆ ಏರಿ ಇದೆ ಸಾರ್. ಹೊಂಗೆ ಮರ ಇದೆ. ನನಗಾಗ ಹದಿಮೂರು ವರ್ಷ. ಅಬ್ಬಾಗೆ ಎರಡು ದಿನದಿಂದ ಜ್ವರ ಇತ್ತು. ಏರಿ ಮೇಲೆ ಸರಪಳಿಯ ಹಿಂದಿನ ತುದಿ ಹಿಡ್ಕೊಂಡು ಮರದ ಕೆಳಗೆ ಕೂತರು. ನೀನು ನಡಿ, ನಾನು ಹಿಡಿದಿರ್ತೀನಿ ಅಂದರು. ನಡೆದೆ. ತುದಿ ಮುಟ್ಟಿದಾಗ ಹಿಂದಿನಿಂದ ಒಂದು ಸಲ ಜಗ್ಗಬೇಕು, ಅದು ಪದ್ಧತಿ. ಜಗ್ಗಿದರೆ ಸರಪಳಿ ಬಿಗಿ ಆಗುತ್ತೆ, ನಾನು ಗೂಟ ನೆಡ್ತೀನಿ. ಅವತ್ತು ಜಗ್ಗಲಿಲ್ಲ. ಹಿಂತಿರುಗಿ ನೋಡಬೇಕು ಅಂತ ಗೊತ್ತಾಯ್ತು. ನೋಡಲಿಲ್ಲ. ಜಗ್ಗಲಿ ಅಂತ ನಿಂತಿದ್ದೆ." ಕನ್ನಡಕ ಮತ್ತೆ ತೆಗೆದರು. "ಅದಕ್ಕೆ ಅಲ್ಲಿ ನಿಲ್ತೀನಿ ಸಾರ್. ಎರಡು ನಿಮಿಷದಲ್ಲಿ ಹೇಳಬೇಕು ಅಂದಾಗ ಏರಿ ಹತ್ತದೆ ಅಡ್ಡದಾರೀಲಿ ಹೋಗ್ತಿದ್ದೆ. ಆಮೇಲೆ ಯಾವ ಊರಲ್ಲಿದ್ದೀನಿ ಅಂತ ತಿಳೀತಿರಲಿಲ್ಲ. ಒಂದು ಊರು ಹಿಂದೆ ಮುಂದೆ ಆಗ್ತಿತ್ತು."

ಆವುಲಪ್ಪ ತಲೆಗೆ ಸುತ್ತಿದ್ದ ಟವಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ಇಂಜಿನಿಯರಿಗೆ ಯಾರೂ ಹಿಂದಿಯಲ್ಲಿ ಹೇಳಲಿಲ್ಲ. ಅವರೂ ಕೇಳಲಿಲ್ಲ.

ಅಮಲ್ದಾರರು ಎದ್ದು ತಮ್ಮ ಕೋಣೆಗೆ ಹೋದರು. ಗಾಜಿನ ಗುಂಡು ಪಕ್ಕಕ್ಕಿಟ್ಟ ಸದ್ದು ಕೇಳಿಸಿತು. ಕಾಗದ ಹರಿದ ಸದ್ದೂ ಕೇಳಿಸಿತು, ಎರಡು ಸಲ. ಆಫೀಸ್ ಕಾಪಿಯನ್ನೂ ಹರಿದರು ಅಂತ ಅದರರ್ಥ. ಸಾಹೇಬರಿಗೂ ಕೇಳಿಸಿರಬೇಕು. ಕೆಳಗೆ ಕೂತು ಕಟ್ಟುಗಳ ಗಂಟು ಹಾಕತೊಡಗಿದರು.

ಸಂಜೆ ಹೋಗುವಾಗ ಅಮಲ್ದಾರರು ನನ್ನ ಮೇಜಿನ ಹತ್ತಿರ ನಿಂತು ಎರಡು ಹುಕುಂ ಹೇಳಿದರು. ಅರ್ಜಿಗಳು ಯಾವತ್ತು ಬಂದರೂ ತಗೋಬೇಕು, ಮುದುಕಿಯರು ಕಾಯಬಾರದು. ಆದರೆ ಜೋಡಿಸುವುದು ಸಾಹೇಬರ ದಾರಿಯ ಪ್ರಕಾರ. ಎರಡನೆಯದು, ಸಾಹೇಬರು ಹೇಳಿದ ಹಾಗೆ ನಾನು ಹೊಸ ಇಂಡೆಕ್ಸ್ ಪುಸ್ತಕ ಬರೆಯಬೇಕು. "ಗೆದ್ದಲು ಹತ್ತದ ಜಾಗದಲ್ಲಿಡಿ" ಅಂದು ಎರಡು ಹೆಜ್ಜೆ ಹೋದವರು ತಿರುಗಿ, "ಆ ಸಾಲು ಬಿಟ್ಟೇ ಬರೀರಿ" ಅಂದರು.

ಹದಿಮೂರು ತಿಂಗಳು ಬರೆದೆವು. ದಿನಾ ನಾಲ್ಕು ಗಂಟೆಯ ಮೇಲೆ, ದಿನಕ್ಕೆ ಒಂದೋ ಎರಡೋ ಊರು. ಸಾಹೇಬರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಯಾವ ನಂಬರಿನಲ್ಲಿ ಹುಣಿಸೇ ಮರ ಇತ್ತು, ಯಾವ ಊರಿನ ಗೌಡರ ಮನೆಯಲ್ಲಿ ಅವರಿಗೆ ಮಜ್ಜಿಗೆ ಕೊಟ್ಟರು, ಎಲ್ಲಿ ನಾಯಿ ಅಟ್ಟಿಸಿಕೊಂಡು ಬಂತು, ಅದನ್ನೂ ಹೇಳುತ್ತಿದ್ದರು. ಅದು ಪುಸ್ತಕಕ್ಕೆ ಹೋಗಲಿಲ್ಲ, ನನಗೆ ಬಂತು.

ಒಂದು ಸಲ ತನಿಖೆಗೆ ಬಂದವರು ಪುಸ್ತಕ ನೋಡಿ, ಇದೇಕೆ ಅಕಾರಾದಿ ಇಲ್ಲ, ಇದೊಂದು ಸಾಲು ಏಕೆ ಖಾಲಿ ಅಂತ ಬರೆದಿಟ್ಟು ಹೋದರು. ನಾನು ಏನಂತ ಉತ್ತರ ಬರೆಯಲಿ ಅಂತ ಕೂತಿದ್ದೆ. ಆವುಲಪ್ಪ, "ಅಲ್ಲಿ ಕೆರೆ ಬರುತ್ತೆ ಅಂತ ಬರಿ ಕೋನಣ್ಣ" ಅಂದ. ಹಾಗೇ ಬರೆದೆ. ಒಪ್ಪಿಕೊಂಡರು.

ನಿವೃತ್ತಿಯ ದಿನ ಸಾಹೇಬರಿಗೆ ಒಂದು ಹಾರ ಹಾಕಿದೆವು. ಚಿಕ್ಕಬಳ್ಳಾಪುರದಿಂದ ತರಿಸಿದ ಸೇವಂತಿಗೆ ಹಾರ. ಬೂಬಮ್ಮ ಎಲ್ಲರಿಗೂ ಶೀರ್ ಖುರ್ಮಾ ಪಾಯಸ ಕಳಿಸಿದ್ದರು, ಅದೇ ದೊಡ್ಡ ದೇಗ್ಚಿಯಲ್ಲಿ. ಜನ ಹೋದ ಮೇಲೆ ಸಾಹೇಬರು ರೆಕಾರ್ಡ್ ರೂಮಿಗೆ ಬಂದು, ಹಾರ ತೆಗೆದು ಕಿಟಕಿಗೆ ತಗುಲಿಹಾಕಿ, ಇಂಡೆಕ್ಸ್ ಪುಸ್ತಕ ಬಿಚ್ಚಿ ಕೂತರು. ತೋರುಬೆರಳು ಇಟ್ಟು ಮೊದಲಿಂದ ಓದುತ್ತಾ ಹೋದರು. ಹಿರೇಬಿದನೂರು, ಕುರುಗೋಡು, ವಿದುರಾಶ್ವತ್ಥ. ಹಾಳೆ ತಿರುವಿದರು. ಗೆದರೆ.

ಬೆರಳು ಖಾಲಿ ಸಾಲಿಗೆ ಬಂದು ನಿಂತಿತು.

ರೂಮಿಗೆ ಬೀಗ ಹಾಕುವ ಹೊತ್ತಾಗಿತ್ತು. ಬೀಗದ ಕೈ ನನ್ನ ಕೈಯಲ್ಲಿತ್ತು. ಅದನ್ನು ಜೇಬಿನಲ್ಲಿ ಹಾಕಿಕೊಂಡು, ಆವುಲಪ್ಪನ ಪಕ್ಕದಲ್ಲಿ ಏಣಿಯ ಮೇಲೆ ಕೂತೆ.